ತುರ್ಕಿಯಲ್ಲಿ ಒದ್ದೆಯಾದ ಉಪ್ಪು

ಇಂದು ಮಾಡಿದ ಕೆಲಸಗಳು ಇವು. ಐದೂವರೆಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ಅತ್ತೆಯ ಕಣ್ಣಿಗೆ ಔಷಧಿ ಬಿಟ್ಟೆ, ಬಲಗಣ್ಣಿಗೆ ಎರಡು ಹನಿ, ಎಡಗಣ್ಣಿಗೆ ಒಂದು. ಜೋಳ ಹಸನು ಮಾಡಿ ಗಿರಣಿಗೆ ಕೊಟ್ಟು ಬಂದೆ. ಯಜಮಾನರ ಅಂಗಿಗೆ ಎರಡು ಗುಂಡಿ ಹಚ್ಚಿದೆ. ನಿನ್ನೆ ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಮಡಿಕೆ ಕಾಳು ಮೊಳಕೆ ಬಂದಿತ್ತು, ಬಿಡಿಸಿ ತೊಳೆದಿಟ್ಟೆ. ಆಷಾಢದ ಗಾಳಿಗೆ ಪಸೆಯಾಗಿ ಭರಣಿಯ ತಳಕ್ಕೆ ಅಂಟಿಕೊಂಡಿದ್ದ ಉಪ್ಪನ್ನು ಚಮಚೆಯಿಂದ ಕೆರೆದು ತೆಗೆದು, ಬಿಸಿ ಹಂಚಿನ ಮೇಲೆ ಹುರಿದು, ನಾಲ್ಕು ಕಾಳು ಅಕ್ಕಿ ಹಾಕಿ ಮತ್ತೆ ತುಂಬಿದೆ. ತುರ್ಕಿಗೆ ಒಂದು ಉತ್ತರ ಬರೆದೆ.

ಕೊನೆಯ ಎರಡು ಕೆಲಸಗಳಿಗೆ ಒಂದಕ್ಕೊಂದು ಸಂಬಂಧವಿಲ್ಲವೆಂದು ನಿಮಗೆ ಅನ್ನಿಸಿದರೆ ಅದು ನಿಮ್ಮ ತಪ್ಪಲ್ಲ. ಹೋದ ಚಳಿಗಾಲದ ತನಕ ನನಗೂ ಹಾಗೇ ಅನ್ನಿಸುತ್ತಿತ್ತು. ಈಗ ಖಾನಾಪುರದ ಸ್ಟೇಷನ್ನಿನಲ್ಲಿ, ಗಿರಣಿಯ ಕಟ್ಟೆಯ ಮೇಲೆ, ಮದುವೆಮನೆಯ ಊಟದ ಪಂಕ್ತಿಯಲ್ಲಿ ಜನ ನನ್ನನ್ನು ಹಿಡಿದು ನಿಲ್ಲಿಸಿ ಒಂದೇ ಪ್ರಶ್ನೆ ಕೇಳುತ್ತಾರೆ: ಅಲ್ಲಿಯ ಮಾತಿನ ಒಂದಕ್ಷರ ಬರದೆ ಪರದೇಶದಲ್ಲಿ ಸಲಹೆಗಾರಳ ಕೆಲಸ ನಿಮಗೆ ಹೇಗೆ ಸಿಕ್ಕಿತು? ನಿಂತ ಕಾಲಿನಲ್ಲಿ ಹೇಳುವ ಸಂಗತಿ ಇದಲ್ಲ. ನೀವು ಕೂತಿದ್ದೀರಿ, ನನಗೂ ರಾತ್ರಿಯ ಅಡುಗೆಗೆ ಇನ್ನೂ ಹೊತ್ತಿದೆ, ಆದ್ದರಿಂದ ಬರೆಯುತ್ತೇನೆ.

ನಾನು ಇಪ್ಪತ್ತಮೂರು ವರ್ಷ ಖಾನಾಪುರದಿಂದ ಬೆಳಗಾವಿಗೆ ದಿನಾಲೂ ಹೋಗಿಬಂದು ಒಂದು ಎರಕದ ಕಾರ್ಖಾನೆಯಲ್ಲಿ ಉಸುಕು ಪರೀಕ್ಷೆ ಮಾಡಿದವಳು. ಕರಗಿದ ಕಬ್ಬಿಣವನ್ನು ಉಸುಕಿನ ಅಚ್ಚಿನೊಳಗೆ ಹೊಯ್ಯುತ್ತಾರೆ. ಆ ಉಸುಕಿನ ಹದ ರೊಟ್ಟಿಯ ಹಿಟ್ಟಿನ ಹದಕ್ಕಿಂತ ನಾಜೂಕಿನದು. ಪಂಪಿನಂಥ ಪೊಳ್ಳು ವಸ್ತು ಬೇಕಾದರೆ ಅಚ್ಚಿನ ನಡುವೆ ಉಸುಕಿನದೇ ಒಂದು ಗಟ್ಟಿಯನ್ನು ಕೂಡಿಸುತ್ತಾರೆ, ಅದಕ್ಕೆ ಕೋರ್ ಎಂದು ಹೆಸರು. ಕಡುಬಿನೊಳಗಿನ ಹೂರಣವಿದ್ದ ಹಾಗೆ ಅದು. ಆದರೆ ಕಡುಬು ಬೆಂದ ಮೇಲೆ ಹೂರಣವನ್ನು ಕೊಡವಿ ಚೆಲ್ಲಿ, ಖಾಲಿ ಜಾಗವನ್ನೇ ಮಾರುವ ವಿಚಿತ್ರ ಅಡುಗೆ ಈ ಎರಕದ್ದು. ಉಸುಕಿನಲ್ಲಿ ಎಲ್ಲಿಯಾದರೂ ತೇವ ಉಳಿದರೆ ಬಿಸಿ ಕಬ್ಬಿಣಕ್ಕೆ ಅದು ಹಬೆಯಾಗಿ, ಹೊರಬರಲು ದಾರಿ ಸಿಗದೆ, ಲೋಹದೊಳಗೆ ಗುಳ್ಳೆಯಾಗಿ ಕೂತುಬಿಡುತ್ತದೆ. ತೂತು ಬಿದ್ದ ಆ ಪೀಸು ಗುಜರಿಗೆ ಹೋಗುತ್ತದೆ.

ಈ ವಿದ್ಯೆ ನನಗೆ ಕಲಿಸಿದವರು ಮೆಹಬೂಬ ಚಾಚಾ. ಆಗ ಅದೇ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದವರು, ಈಗ ಆಟೋ ನಗರದಲ್ಲಿ ಅಚ್ಚಿನ ಮಾದರಿಗಳನ್ನು ಕಟ್ಟಿಗೆಯಲ್ಲಿ ಕಡೆಯುವ ಸಣ್ಣ ವರ್ಕ್‌ಶಾಪು ಇಟ್ಟುಕೊಂಡಿದ್ದಾರೆ. ಉಸುಕನ್ನು ಮುಷ್ಟಿಯಲ್ಲಿ ಹಿಂಡಿ, ಬೆರಳಿನ ಗುರುತು ಎಷ್ಟು ಚೊಕ್ಕ ಮೂಡಿದೆಯೆಂದು ನೋಡಲು ಅವರು ಕಲಿಸಿದರು. ಬರೆದಿಡುವುದನ್ನು ಮಾತ್ರ ನಾನೇ ಕಲಿತೆ. ನನ್ನ ರಜಿಸ್ಟರಿನಲ್ಲಿ ಉಸುಕಿನ ತೇವದ ಲೆಕ್ಕದ ಪಕ್ಕದಲ್ಲಿ ಅಂದಿನ ಮೋಡ, ಗಾಳಿ ಯಾವ ಕಡೆಯದು, ನೀರು ಹಾಕುವ ರುದ್ರಪ್ಪ ಬಂದಿದ್ದನೋ ರಜೆಯೋ, ಅವನ ಬದಲಿಗೆ ಬಂದವನು ಹಿಂದಿನ ದಿನ ಯಾರ ಮದುವೆಗೆ ಹೋಗಿದ್ದ ಎಂಬುದೂ ಇರುತ್ತಿತ್ತು. ಸಾಹೇಬರು ಅದನ್ನು ಓದಿ ನಗುತ್ತಿದ್ದರು. ಸಾಲೆಯ ಪುಸ್ತಕಕ್ಕೆ ಹಚ್ಚುವ ಹಾಗೆ ಹೊದಿಕೆಯ ಮೇಲೆ ಚೀಟಿ ಹಚ್ಚಿ, ಹೆಸರು, ಊರು, ಫೋನ್ ನಂಬರು ಬರೆದು, ಸಿಕ್ಕವರು ದಯಮಾಡಿ ತಿಳಿಸಿರಿ ಎಂದು ಅಡಿಗೆರೆ ಎಳೆದಿದ್ದೆ. ಕಾರ್ಖಾನೆಯ ಗೇಟು ದಾಟದ ರಜಿಸ್ಟರು ಯಾರಿಗೆ ಸಿಗಬೇಕಿತ್ತೋ, ದೇವರೇ ಬಲ್ಲ.

ಐವತ್ತೊಂದನೆಯ ವಯಸ್ಸಿಗೆ ನನ್ನ ಕೆಲಸ ಮಾಡುವ ಯಂತ್ರವೊಂದು ಬಂತು. ನನಗೆ ಶಾಲು ಹೊದಿಸಿ, ಕೈಯಲ್ಲಿ ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರು. ಸಿಟ್ಟೇನೂ ಬರಲಿಲ್ಲ, ಆದರೆ ಮುಷ್ಟಿಗೆ ಕೆಲಸವಿಲ್ಲದೆ ನಾಲ್ಕು ತಿಂಗಳು ಅಡುಗೆಮನೆಯಲ್ಲಿ ಹಿಟ್ಟಿನ ಹದವನ್ನೇ ಇಷ್ಟು ತಿದ್ದಿದೆನೆಂದರೆ, ಅತ್ತೆ ಬೇಸತ್ತು ಹೊರಗೆ ಯಾವುದಾದರೂ ಕೆಲಸ ನೋಡಿಕೋ ಎಂದರು. ಎರಕದ ಕೆಲಸಕ್ಕೆ ಪರದೇಶದವರು ಹಳಬರನ್ನು ಸಲಹೆಗೆ ಕರೆಯುತ್ತಾರೆಂದು ನಮ್ಮ ಯಜಮಾನರು ಎಲ್ಲಿಯೋ ಓದಿದ್ದರು. ಲೋಂಡಾ ಜಂಕ್ಷನ್ನಿನಲ್ಲಿ ರೈಲ್ವೆ ಗುಮಾಸ್ತರು ಅವರು. ಅರ್ಜಿ ತುಂಬುವುದೆಂದರೆ ಅವರಿಗೆ ಹಬ್ಬ. ರವಿವಾರಕ್ಕೊಂದರಂತೆ ಕಂಪ್ಯೂಟರಿನ ಮುಂದೆ ಕೂತು ತುಂಬುತ್ತ ಹೋದರು. ಎಲ್ಲ ಕಲಮೂ ಸುಸೂತ್ರವಾಗಿ ಸಾಗಿ ಭಾಷೆಯ ಕಲಮಿನಲ್ಲಿ ಬಂಡಿ ನಿಲ್ಲುತ್ತಿತ್ತು. ಕನ್ನಡ, ಮರಾಠಿ, ಹಿಂದಿ, ಚೂರುಪಾರು ಇಂಗ್ಲಿಷು, ಚಾಚಾನಿಂದ ಕಲಿತ ದಖನಿ: ನನ್ನ ಈ ಐದು ಆಸ್ತಿಗಳಲ್ಲಿ ನಾಲ್ಕು ಅವರ ಪಟ್ಟಿಯಲ್ಲೇ ಇರುತ್ತಿರಲಿಲ್ಲ. ಸ್ಥಳೀಯ ಭಾಷೆ ಬಲ್ಲವರಿಗೆ ಆದ್ಯತೆ ಎಂಬ ನಯವಾದ ಉತ್ತರಗಳು ಒಂದರ ಹಿಂದೊಂದು ಬಂದವು. ಯಜಮಾನರು ಅವನ್ನೂ ತಾರೀಖಿನ ಪ್ರಕಾರ ಜೋಡಿಸಿಟ್ಟರು.

ಭಾಷೆ ಪೂರ್ತಿ ಬಂದ ಮೇಲೆ ಮಾತಾಡಬೇಕೆಂಬ ಈ ನಿಯಮ ನಮ್ಮ ಕಡೆಯವರಿಗೆ ತಿಳಿಯುವುದೇ ಕಷ್ಟ. ಬೆಳಗಾವಿಯ ಬಜಾರಿನಲ್ಲಿ ನಾವು ಬದನೆಕಾಯಿಯ ದರ ಕೇಳುವುದು ಮರಾಠಿಯಲ್ಲಿ, ಹೆಚ್ಚಾಯಿತೆಂದು ಜಗಳಾಡುವುದು ಕನ್ನಡದಲ್ಲಿ. ಮಾರುವವಳು ಬೈಯುವುದು ಮತ್ತಾವುದೋ ಮಾತಿನಲ್ಲಿ. ಕೊನೆಗೆ ಚೀಲದೊಳಗೆ ಬದನೆಕಾಯಿಯಂತೂ ಬೀಳುತ್ತದೆ. ಅರ್ಜಿಯ ಕಲಮಿಗೆ ಈ ವಿದ್ಯೆಯನ್ನು ಬರೆಯಲು ಜಾಗವಿಲ್ಲ.

ಕೆಲಸ ಬಂದದ್ದು ಅರ್ಜಿಯಿಂದಲ್ಲ, ರಜಿಸ್ಟರಿನ ಚೀಟಿಯಿಂದ. ಬಹಳ ವರ್ಷಗಳ ಹಿಂದೆ ನಮ್ಮ ಕಾರ್ಖಾನೆಗೆ ಯಂತ್ರ ಕೂಡಿಸಲು ತುರ್ಕಿಯಿಂದ ಹಸನ್ ಎಂಬ ಫಿಟ್ಟರು ಬಂದು ತಿಂಗಳೊಪ್ಪತ್ತು ಇದ್ದ. ನಮ್ಮ ಕ್ಯಾಂಟೀನಿನ ಖಾರಕ್ಕೆ ಅವನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ, ನನ್ನ ಡಬ್ಬಿಯ ಮಜ್ಜಿಗೆಯನ್ನು ಅವನ ಮುಂದೆ ಸರಿಸಿದ್ದೆ. ಅಂದಿನಿಂದ ದಿನಾಲೂ ಒಂದು ತಂಬಿಗೆ ಹೆಚ್ಚು ಒಯ್ದೆ. ಅವನೂ ನಾನೂ ಆಡಿದ ಮಾತು ಲೆಕ್ಕ ಹಾಕಿದರೆ ಇಪ್ಪತ್ತು ದಾಟಲಿಕ್ಕಿಲ್ಲ. ಹೋಗುವಾಗ ಅವನು ನನ್ನ ರಜಿಸ್ಟರಿನ ಹೊದಿಕೆಯನ್ನೂ ಒಳಗಿನ ಒಂದು ಪುಟವನ್ನೂ ಫೋಟೋ ಹೊಡೆದುಕೊಂಡಿದ್ದ. ಈಗ ತನ್ನ ಊರಿನಲ್ಲಿ ಪಂಪು ಮಾಡುವ ಕಾರ್ಖಾನೆಯೊಂದರ ಮುಖ್ಯಸ್ಥನಾಗಿದ್ದವನು, ಒಂದು ವರ್ಷದಿಂದ ಗುಳ್ಳೆಯ ಕಾಟಕ್ಕೆ ಸಾಕಾಗಿ, ಆ ಫೋಟೋ ಹುಡುಕಿ ತೆಗೆದು ಫೋನ್ ಮಾಡಿದ. ಸಂದರ್ಶನ ಎಂದು ನೀವು ಕರೆಯುವುದಾದರೆ, ಅದು ನಡೆದದ್ದು ಹೀಗೆ: ಅವನು ಒಡೆದ ಪೀಸೊಂದನ್ನು ಕ್ಯಾಮರಾದ ಮುಂದೆ ಹಿಡಿದ. ನಾನು ಕೋರ್ ಎಂದೆ. ಅವನು ಕೋರ್ ಎಂದ. ಆಮೇಲೆ ಇಂಗ್ಲಿಷಿನಲ್ಲಿ ಬಾ ಎಂದ.

ಆರು ವಾರದ ಕರಾರು. ಮೊದಲ ಎರಡು ವಾರದಲ್ಲಿ ಕೆಟ್ಟ ಪೀಸು ಕಡಿಮೆಯಾಗದಿದ್ದರೆ ಅಲ್ಲಿಗೇ ಮುಗಿಯಿತು, ವಾಪಸು ವಿಮಾನ. ಅಳುಕು ಬಿಟ್ಟಿರಲಿಲ್ಲ, ಹೊರಡುವ ಮುಂಚೆ ಆಟೋ ನಗರಕ್ಕೆ ಹೋಗಿ ಚಾಚಾನ ಎದುರು ಕೂತೆ. ಅವರು ಉಳಿಯ ಮೊನೆ ನೋಡುತ್ತ ಹೇಳಿದರು:

"ಯಾಕ ಅಂಜತಿ ತಂಗಿ? ಉಸುಕಿಗೆ ಯಾವ ಮಾತು ಬರತೈತಿ? ಮುಷ್ಟಿ ಒಯ್ಯಿ, ಸಾಕು."

ಮನೆಯಲ್ಲಿ ಅತ್ತೆಯ ಚಿಂತೆ ಬೇರೆ. "ಅಲ್ಲೆ ಹೋಗಿ ಯಾರ ಜೋಡಿ ಮಾತಾಡತೀ? ನೀ ಏನರ ಮಾತಾಡದ ಎಂಟು ದಿನ ಇದ್ದರ ಹೊಟ್ಟಿ ಒಡದು ಹೋದೀತು," ಎಂದು ಖಡಕ್ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು.

ಅತ್ತೆಯ ಮಾತು ಪೂರ್ತಿ ಖರೆ, ಚಾಚಾನದು ಅರ್ಧ. ಅಲ್ಲಿಯ ಉಸುಕು ಬೇರೆ ದಂಡೆಯದು; ನನ್ನ ಮುಷ್ಟಿಯ ಇಪ್ಪತ್ತಮೂರು ವರ್ಷದ ಓದು ಅದಕ್ಕೆ ತಕ್ಷಣ ಒಗ್ಗಲಿಲ್ಲ. ಫೋನಿನೊಳಗಿನ ಭಾಷಾಂತರವೂ ಕೈಕೊಟ್ಟಿತು: ಖಾನಾಪುರದ ಮಾತು ಅದಕ್ಕೆ ಹತ್ತದು, ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ ಆಡಬೇಕು, ಅದೂ ಕಾರ್ಖಾನೆಯ ಗದ್ದಲದಲ್ಲಿ. ಮೂರನೆಯ ದಿನ ಅದನ್ನು ಚೀಲದಲ್ಲಿಟ್ಟು, ಕೋರ್ ಮಾಡುವ ಕೋಣೆಯ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂತು, ನನಗೆ ಬರುವ ಕೆಲಸವನ್ನೇ ಮಾಡಿದೆ: ಕಂಡದ್ದನ್ನು ಬರೆದೆ.

ಆ ಕೋಣೆಯ ಒಡತಿ ಫಾತ್ಮಾ. ನನ್ನ ವಯಸ್ಸಿನವಳೇ, ಹೂವಿನ ಚಿತ್ರದ ವಸ್ತ್ರವನ್ನು ತಲೆಗೆ ಕಟ್ಟಿ, ತೋಳು ಮೇಲೇರಿಸಿ, ಬೆಳಗಿನಿಂದ ಸಂಜೆಯವರೆಗೆ ಚಹಾ ಕಾಯಿಸುವವಳು. ಒಂದರ ಮೇಲೊಂದು ಕೂತ ಜೋಡಿ ಕೆಟಲಿ, ಕೆಳಗಿನದರಲ್ಲಿ ಸದಾ ಕುದಿಯುವ ನೀರು, ಮೇಲಿನದರಲ್ಲಿ ಕಪ್ಪಗಿನ ಡಿಕಾಕ್ಷನ್ನು. ಹಾಲಿಲ್ಲದ ಆ ಕೆಂಪು ಚಹಾವನ್ನು ನಡು ಸಣ್ಣಗಿನ ಗಾಜಿನ ಲೋಟದಲ್ಲಿ ತಂದು ಮುಂದಿಡುತ್ತಿದ್ದಳು. ನಾನು ನಮ್ಮ ರೀತಿಯಂತೆ ಎರಡು ಸಲ ಬೇಡವೆಂದು ಮೂರನೆಯ ಸಲಕ್ಕೆ ತೆಗೆದುಕೊಳ್ಳುತ್ತಿದ್ದೆ. ನಮ್ಮಲ್ಲಿ ಮೊದಲನೆಯ ಬೇಡ ಮರ್ಯಾದೆಗೆ, ಎರಡನೆಯದು ಅವರ ಒತ್ತಾಯಕ್ಕೆ ಜಾಗ ಬಿಡಲಿಕ್ಕೆ. ಇದನ್ನು ಅವಳಿಗೆ ಯಾರು ಹೇಳಬೇಕು? ಚಹಾ ಚೆನ್ನಾಗಿಲ್ಲದ್ದಕ್ಕೆ ಈಕೆ ಹಿಂಜರಿಯುತ್ತಾಳೆಂದು ತಿಳಿದು ಅವಳು ಹಳೆಯದನ್ನು ಚೆಲ್ಲಿ ಪ್ರತಿಸಲವೂ ಹೊಸದಾಗಿ ಕುದಿಸತೊಡಗಿದಳು. ನನ್ನ ಲೋಟ ಖಾಲಿಯಾದದ್ದೇ ತಡ, ಮತ್ತೆ ತುಂಬುತ್ತಿತ್ತು. ಉಳಿಸಿದರೆ ಅವಮಾನವೆಂದು ನಾನು ಕುಡಿಯುತ್ತಿದ್ದೆ, ಖಾಲಿ ಬಿಟ್ಟರೆ ಅವಮಾನವೆಂದು ಅವಳು ತುಂಬುತ್ತಿದ್ದಳು. ಇಬ್ಬರು ಮರ್ಯಾದಸ್ಥರ ನಡುವೆ ಗ್ಯಾಸಿನ ಒಲೆಗೆ ಆರುವುದಕ್ಕೆ ಪುರಸೊತ್ತಿರಲಿಲ್ಲ.

ಒಂದು ವಾರ ಕಳೆಯುವುದರೊಳಗೆ ಹಸನ್ನನ ಮುಖ ಸಣ್ಣದಾಯಿತು. ಕೆಟ್ಟ ಪೀಸು ಕಡಿಮೆಯಾಗುವುದಿರಲಿ, ನಾನು ಬಂದ ಮೇಲೆ ಹೆಚ್ಚಾಗಿದ್ದವು. ಅವನು ಗೋಡೆಯ ಕ್ಯಾಲೆಂಡರಿನಲ್ಲಿ ಹದಿನಾಲ್ಕನೆಯ ದಿನಕ್ಕೆ ಮೊದಲೇ ಹಾಕಿದ್ದ ಗುರುತನ್ನು ಒಮ್ಮೆ ನೋಡಿ, ಆಮೇಲೆ ನನ್ನನ್ನು ನೋಡಿದ. ನಾನು ಇಳಿದುಕೊಂಡಿದ್ದ ಕೋಣೆಗೆ ಹೋಗಿ ಅತ್ತೆಯ ರೊಟ್ಟಿಯನ್ನು ಶೇಂಗಾ ಚಟ್ನಿಯೊಂದಿಗೆ ಮುರಿದು ತಿಂದು, ಊರವರಿಗೆ ಹೇಳಲು ಒಂದು ನೆಪವನ್ನೂ ಮನಸ್ಸಿನಲ್ಲೇ ತಯಾರು ಮಾಡಿದೆ. ಚಳಿ ತಡೆಯಲಿಲ್ಲ ಎಂದರಾಯಿತು.

ಹನ್ನೆರಡನೆಯ ದಿನ ಸೋಮವಾರ. ಅಂದು ಸಂಜೆ ದಿನಚರಿ ಬರೆಯುವಾಗ ಹಿಂದಿನ ಪುಟಗಳನ್ನು ತಿರುವಿದೆ. ಉಂಡದ್ದು ಕುಡಿದದ್ದನ್ನು ಬರೆಯುವುದು ನನ್ನ ಹಳೆಯ ಚಟ, ನಿಮಗೀಗಾಗಲೇ ಗೊತ್ತಾಗಿರಬೇಕು. ಚಹಾ ಏಳು, ಕೆಟ್ಟ ಪೀಸು ಒಂಬತ್ತು. ಚಹಾ ಒಂಬತ್ತು, ಕೆಟ್ಟದ್ದು ಹನ್ನೆರಡು. ಚಹಾ ಹನ್ನೊಂದು, ಕೆಟ್ಟದ್ದು ಹದಿನಾಲ್ಕು. ಮೊದಲ ಸೋಮವಾರ: ಚಹಾ ಇಲ್ಲ, ಕೆಟ್ಟದ್ದು ಮೂರು. ಇಂದಿನ ಸೋಮವಾರ: ಚಹಾ ಇಲ್ಲ, ಕೆಟ್ಟದ್ದು ಎರಡು.

ಸೋಮವಾರ ನಾನು ಒಪ್ಪೊತ್ತು ಇರುತ್ತೇನೆ, ಸಂಜೆಯ ತನಕ ನೀರು ಬಿಟ್ಟು ಏನೂ ಮುಟ್ಟುವುದಿಲ್ಲ. ಮೊದಲ ಸೋಮವಾರವೇ ಕೈ ಜೋಡಿಸಿ, ಬಾಯಿ ಮುಟ್ಟಿ, ಆಕಾಶ ತೋರಿಸಿದ್ದಕ್ಕೆ ಫಾತ್ಮಾ ಒಂದೇ ಗಳಿಗೆಯಲ್ಲಿ ತಿಳಿದುಕೊಂಡಿದ್ದಳು. ತನ್ನ ಉಪವಾಸದ ತಿಂಗಳಲ್ಲಿ ಎದುರಿಗೆ ಬೇರೆಯವರು ಕುಡಿದರೆ ಹೇಗಾಗುತ್ತದೆಂದು ಬಲ್ಲವಳಲ್ಲವೇ? ಒಲೆ ಆರಿಸಿ, ಕೆಟಲಿಯ ಮೇಲೆ ಬಟ್ಟೆ ಹೊದಿಸಿ, ಗಂಡಸರನ್ನೆಲ್ಲ ಹೊರಗಿನ ಅಂಗಡಿಯ ಚಹಾಕ್ಕೆ ಅಟ್ಟಿದ್ದಳು. ನನ್ನ ನೇಮ ಕೆಡಬಾರದೆಂದು ಅವಳು ಹಿಡಿದ ಆ ಮರ್ಯಾದೆ ಎರಡು ಸೋಮವಾರ ಆ ಕೋಣೆಯನ್ನು ಒಣದಾಗಿಟ್ಟಿತ್ತು. ಉಳಿದ ದಿನ ಬಾಗಿಲು ಕಿಟಕಿ ಮುಚ್ಚಿದ ಚಳಿಗಾಲದ ಕೋಣೆಯಲ್ಲಿ ಎದ್ದ ಹಬೆಯೆಲ್ಲ, ಕೆಟಲಿಯ ಪಕ್ಕದ ಹಲಗೆಯ ಮೇಲೆ ಸಾಲಾಗಿ ಇಟ್ಟ ಕೋರ್‌ಗಳೊಳಗೆ ಇಳಿಯುತ್ತಿತ್ತು. ಹಿಂದೆ ಅಲ್ಲಿ ಎಣ್ಣೆ ಬೆರೆಸಿ ಒಲೆಯಲ್ಲಿ ಸುಟ್ಟ ಕೋರ್ ಇರುತ್ತಿದ್ದವು, ಅವು ಹಬೆಗೆ ಜಗ್ಗುತ್ತಿರಲಿಲ್ಲ. ಹೋದ ವರ್ಷದಿಂದ ಗ್ಯಾಸು ಊದಿ ಗಟ್ಟಿ ಮಾಡುವ ಹೊಸ ಬಗೆ ಬಂದಿತ್ತು; ಅದು ನಮ್ಮ ಮಳೆಗಾಲದ ಹಪ್ಪಳದ ಜಾತಿಯದು, ಗಾಳಿಯ ಪಸೆಯನ್ನೇ ಕುಡಿಯುತ್ತದೆ.

ಕಾರಣ ಸಿಕ್ಕಿತು, ಸಂತೋಷ ಸಿಗಲಿಲ್ಲ. ಹಸನ್ನನಿಗೆ ಇದನ್ನು ಇಪ್ಪತ್ತು ಶಬ್ದದಲ್ಲಿ ಹೇಳಿದರೆ ಅವನ ಕಿವಿಗೆ ಬೀಳುವುದು ಎರಡೇ: ಫಾತ್ಮಾ, ಚಹಾ. ಒಂದು ವರ್ಷದ ಗುಜರಿಯೆಲ್ಲ ಅವಳ ತಲೆಯ ಮೇಲೆ ಬೀಳುತ್ತದೆ. ಮಾತು ಬರುತ್ತಿದ್ದರೆ ಆಜುಬಾಜು ಸುತ್ತಿ, ನಡುವೆ ಎರಡು ಹೊಗಳಿಕೆ ಸೇರಿಸಿ, ಯಾರಿಗೂ ನೋವಾಗದ ಹಾಗೆ ಹೇಳಬಹುದಿತ್ತು. ಭಾಷೆ ಬೇಕಾಗುವುದು ವಿಷಯ ತಿಳಿಸಲಿಕ್ಕೆಂದು ನಾನು ತಿಳಿದಿದ್ದೆ. ಅದರ ಕೊರತೆ ನನಗೆ ಹತ್ತಿದ್ದು ವಿಷಯವನ್ನು ಮೆತ್ತಗೆ ಮಾಡಬೇಕಾದಾಗ.

ಮರುದಿನ ಬೆಳಿಗ್ಗೆ ಅವಳಿಗೇ ಮೊದಲು ತಿಳಿಸುವುದೆಂದು ನಿಶ್ಚಯಿಸಿ, ನಾನಿಳಿದ ಕೋಣೆಯಿಂದ ಎರಡು ತಟ್ಟೆಯಲ್ಲಿ ಉಪ್ಪು ಒಯ್ದೆ. ಒಂದನ್ನು ಕೆಟಲಿಯ ಪಕ್ಕ ಕೋರ್‌ಗಳ ನಡುವೆ ಇಟ್ಟೆ, ಇನ್ನೊಂದನ್ನು ಬಾಜೂ ಕೋಣೆಯಲ್ಲಿ ಕುಲುಮೆಯ ಗೋಡೆಗೆ ಒತ್ತಿಕೊಂಡಿದ್ದ ಬೆಚ್ಚಗಿನ ಕಪಾಟಿನಲ್ಲಿ. ಫಾತ್ಮಾ ನೋಡಿದಳು, ಯಾವುದೋ ದೃಷ್ಟಿ ತೆಗೆಯುವ ರೀತಿಯಿರಬೇಕೆಂದುಕೊಂಡು ತನ್ನ ಚಹಾಕ್ಕೆ ತಿರುಗಿದಳು. ಅಂದು ನಾನು ಹನ್ನೊಂದು ಲೋಟ ಚಹಾ ಕುಡಿದೆ, ಒಂದನ್ನೂ ಬೇಡವೆನ್ನದೆ. ನಾಲ್ಕು ಗಂಟೆಗೆ ಎರಡೂ ತಟ್ಟೆ ತಂದು ಅವಳ ಮುಂದಿಟ್ಟೆ. ಒಂದರ ಉಪ್ಪು ಪುಡಿಪುಡಿಯಾಗಿ ಉದುರಿತು. ಇನ್ನೊಂದರದು ಬೆರಳಿಗೆ ಅಂಟಿತು. ಅಂಟಿದ ಬೆರಳನ್ನು ಅವಳ ಮುಂದೆ ಹಿಡಿದು, ಸಾಲಾಗಿದ್ದ ಕೋರ್‌ಗಳನ್ನು ಮುಟ್ಟಿದೆ.

ಇಂಜಿನಿಯರಿಗೆ ಇದನ್ನು ವಿವರಿಸಬೇಕಾಗುತ್ತಿತ್ತು. ಉಪ್ಪಿನ ಭರಣಿ ಮುಚ್ಚಿಡುವ ಹೆಂಗಸಿಗೆ ಬೇಕಾಗಲಿಲ್ಲ. ಅವಳು ಉಪ್ಪನ್ನು ನೋಡಿದಳು, ಕೆಟಲಿಯನ್ನು ನೋಡಿದಳು, ಗುಜರಿಯ ರಾಶಿಯ ಕಡೆಗೆ ತಿರುಗಿ ನೋಡಿದಳು. ಮುಖದ ರಕ್ತವೆಲ್ಲ ಇಳಿದುಹೋಯಿತು. ಒಲೆ ಆರಿಸಿ, ಬಹುಶಃ ಅವಳ ಮೊದಲ ಸಂಬಳದ ದಿನದಿಂದ ಅಲ್ಲೇ ಇದ್ದ ಆ ಕೆಟಲಿಯನ್ನು ಎತ್ತಲು ಹೋದಳು.

ನಾನು ಅವಳ ಕೈ ಹಿಡಿದೆ. ನನ್ನ ಬಾಯಿಂದ ಬಂದದ್ದು ಅಪ್ಪಟ ಪಾರಿಶ್ವಾಡದ, ನನ್ನ ತವರಿನ ಮಾತು:

"ಅದು ಅಲ್ಲೇ ಇರಲಿ ಬಿಡವಾ. ನಿಂದೇನೂ ತಪ್ಪಿಲ್ಲ. ಇವು ಹೊಸದಾಗಿ ಬಂದಾವು, ಇವೇ ಏಳಲಿ."

ಕೋರ್ ತುಂಬಿದ ಹಲಗೆಯ ಒಂದು ತುದಿ ನಾನು ಹಿಡಿದೆ. ಅವಳು ಕೆಟಲಿ ಬಿಟ್ಟು ಬಂದು ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಐದು ಸಲ ಓಡಾಡಿ ಎಲ್ಲವನ್ನೂ ಬಾಜೂ ಕೋಣೆಯ ಬೆಚ್ಚಗಿನ ಕಪಾಟಿಗೆ ಸಾಗಿಸಿದೆವು. ಹಿಂದಿರುಗಿ ಬಂದು ಅವಳು ಮತ್ತೆ ಒಲೆ ಹೊತ್ತಿಸಿದಳು.

ಹದಿಮೂರನೆಯ ದಿನದ ಚಹಾ ಹನ್ನೊಂದೇ. ಕಪಾಟಿನಲ್ಲಿ ಒಣಗಿದ ಕೋರ್ ಕೂಡಿಸಿ ಅಂದು ರಾತ್ರಿ ಹೊಯ್ದ ಎರಕವನ್ನು ಹದಿನಾಲ್ಕನೆಯ ದಿನ ಬೆಳಿಗ್ಗೆ ಒಡೆದರು, ಕೆಟ್ಟದ್ದು ಎರಡು. ಹಸನ್ ಎರಡು ಸಲ ಎಣಿಸಿ, ಏನು ಮಾಡಿದೆ ಎಂದು ಕೈಯಿಂದಲೇ ಕೇಳಿದ. ನಾನು ಫೋನು ತೆಗೆದು, ವಾರ್ತೆ ಓದುವ ಕನ್ನಡದಲ್ಲಿ ಹೇಳಿದೆ: ಹೊಸ ಬಗೆಯ ಕೋರ್ ತೇವವನ್ನು ಹೀರುತ್ತದೆ, ಅದನ್ನು ಬೆಚ್ಚಗಿನ ಕಪಾಟಿನಲ್ಲಿ ಇರಿಸಬೇಕು, ಈ ಕೆಲಸದಲ್ಲಿ ಫಾತ್ಮಾ ನನಗೆ ಸಹಾಯ ಮಾಡಿದ್ದಾರೆ. ಮೂರೂ ಸತ್ಯ. ವರದಿಯಲ್ಲಿಯೂ ಅಷ್ಟನ್ನೇ ಬರೆದೆ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ. ಎರಡೂ ಕಡೆಯ ಉಪ್ಪು ತಿಂದವಳಿಗೆ ಬೇರೆ ದಾರಿ ಕಾಣಲಿಲ್ಲ. ಹಸನ್ ಚಾಣಾಕ್ಷ. ಕೆಟಲಿಯ ಕಡೆಗೊಮ್ಮೆ ನೋಡಿ, ಕ್ಯಾಲೆಂಡರಿನ ಗುರುತನ್ನು ಪೆನ್ನಿನಿಂದ ಹೊಡೆದುಹಾಕಿ, ಚಹಾ ಕೇಳಿದ.

ಹೊರಡುವ ದಿನ ಫಾತ್ಮಾ ನನ್ನ ಎದುರು ಕೂತು ಒಂದು ಲೋಟ ಚಹಾ ಕುಡಿದು, ಚಮಚೆಯನ್ನು ಲೋಟದ ಬಾಯಿಗೆ ಅಡ್ಡವಾಗಿಟ್ಟು, ಸಾಕು ಎಂದು ಹೊಟ್ಟೆ ಸವರಿ ತೋರಿಸಿದಳು. ಇನ್ನು ಬೇಡವೆನ್ನಲು ಅಷ್ಟೇ ಆಗಿತ್ತು ಅಲ್ಲಿಯ ರೀತಿ. ಆರು ವಾರ ಹೊಟ್ಟೆ ಬಿರಿಯುವಂತೆ ಕುಡಿದ ನಾನು ಅವಳನ್ನು ನೋಡಿದೆ. ಅವಳು ವಸ್ತ್ರದ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ಆದ್ದರಿಂದ, ಗಿರಣಿಯ ಕಟ್ಟೆಯ ಮೇಲೆ ಕೇಳುವವರಿಗೆ ನನ್ನ ಹತ್ತಿರ ಇರುವ ಉತ್ತರ ತೀರ ಸಣ್ಣದು. ನಿಮ್ಮ ಕೆಲಸವನ್ನು ಕಣ್ಣಾರೆ ಕಂಡ ಒಬ್ಬರು ಆ ಊರಿನಲ್ಲಿದ್ದರೆ ಅರ್ಜಿಯ ಹತ್ತು ಕಲಮುಗಳಿಗೆ ಸಮ. ಬಂದವರ ಮುಂದೆ ಮಜ್ಜಿಗೆ ಸರಿಸಿರಿ. ಪುಸ್ತಕದ ಮೇಲೆ ನಂಬರು ಬರೆದಿಡಿರಿ. ಇದನ್ನು ಕೇಳಿದವರು ನಾನು ಏನೋ ಮುಚ್ಚಿಡುತ್ತಿದ್ದೇನೆಂದೇ ತಿಳಿದು ಹೋಗುತ್ತಾರೆ. ಬೆಳಗಾವಿಯಲ್ಲಿ ಸಲಹೆಯೆಂಬುದು ಪುಕ್ಕಟೆ ಸಿಗುವ ಸಾಮಾನು. ವಿಮಾನದ ಟಿಕೇಟು ಕೊಟ್ಟು ಅದನ್ನು ತರಿಸಿಕೊಳ್ಳುವವರಿದ್ದಾರೆಂದರೆ ಒಳಗೆ ದೊಡ್ಡ ಗುಟ್ಟು ಇರಲೇಬೇಕಲ್ಲ.

ಇಂದು ಬೆಳಿಗ್ಗೆ, ನಾನು ಉಪ್ಪು ಹುರಿಯುತ್ತಿದ್ದಾಗ, ಹಸನ್ನನ ಸಂದೇಶ ಬಂತು. ಫೋನೇ ಭಾಷಾಂತರಿಸಿದ ಕನ್ನಡ; ನಮ್ಮ ಯಜಮಾನರು ಎದ್ದು ನಿಂತು ಗಟ್ಟಿಯಾಗಿ ಓದಿದರು: "ನಮಸ್ಕಾರ ಮಹಿಳೆ. ಚಳಿಗಾಲದಲ್ಲಿ ಇನ್ನೊಂದು ಕಾರ್ಖಾನೆ ಇದೆ. ಭಾಷೆ ಅಗತ್ಯವಿಲ್ಲ. ಉಪ್ಪು ತನ್ನಿರಿ." ಕೆಳಗೆ ಒಂದು ಫೋಟೋ: ಫಾತ್ಮಾ, ಅದೇ ಜಾಗದಲ್ಲಿ ಅದೇ ಕೆಟಲಿ, ಪಕ್ಕದ ಖಾಲಿ ಹಲಗೆಯ ಮೇಲೆ ಒಂದು ಹೂಕುಂಡ. ಗಿಡ ಹಬೆಗೆ ಸೊಂಪಾಗಿ ಬೆಳೆದಿತ್ತು.

ಬರುತ್ತೇನೆ ಎಂದು ಉತ್ತರ ಬರೆದೆ. ಅತ್ತೆ ರೊಟ್ಟಿಯ ಲೆಕ್ಕ ಈಗಲೇ ಶುರು ಮಾಡಿದ್ದಾರೆ.

ಮಧ್ಯಾಹ್ನ ಉಂಡದ್ದು: ಬಿಸಿ ಜೋಳದ ರೊಟ್ಟಿ, ಮಡಿಕೆ ಕಾಳಿನ ಪಲ್ಯ, ಹಸಿ ಉಳ್ಳಾಗಡ್ಡಿ, ಮಜ್ಜಿಗೆ. ಉಪ್ಪು ಪುಡಿಪುಡಿಯಾಗಿ ಉದುರಿತು. ಊಟವಾದ ಮೇಲೆ ಅರ್ಧರ್ಧ ಕಪ್ ಚಹಾ. ಮುಗಿಸಿ ನಾನು ಚಮಚೆಯನ್ನು ಅಡ್ಡ ಇಟ್ಟೆ. ಮೊದಲು ಮಲಗಿದವರು ಯಜಮಾನರು, ಸಂದೇಶದ ಫೋನನ್ನು ಎದೆಯ ಮೇಲೆ ಇಟ್ಟುಕೊಂಡೇ. ಆಮೇಲೆ ಅತ್ತೆ, ನಡುಮನೆಯ ಚಾಪೆಯ ಮೇಲೆ, ಇಪ್ಪತ್ತೆಂಟು ರೊಟ್ಟಿಯ ತನಕ ಎಣಿಸಿ. ನಾನು ಉಪ್ಪಿನ ಭರಣಿಯ ಮುಚ್ಚಳ ಬಿಗಿಯಾಗಿದೆಯೋ ಎಂದು ಇನ್ನೊಮ್ಮೆ ನೋಡಿ ಬಂದು ಅತ್ತೆಯ ಬಾಜೂಕ್ಕೆ ಅಡ್ಡಾದೆ.